ಹೊಸ ಪ್ರಿಂಟರ್: ಮೊದಲ ದಿನ ನೀವೇ ಕೈಹಾಕಿ

ಹಲವು ಪ್ರಿಂಟರ್‌ಗಳ ಬೆನ್ನಿನಲ್ಲಿ, ಯುಎಸ್‌ಬಿ ಕೇಬಲ್ ಸಿಕ್ಕಿಸುವ ಚೌಕದ ಕಿಂಡಿಯ ಮೇಲೆ ಒಂದು ಸಣ್ಣ ಸ್ಟಿಕ್ಕರ್ ಅಂಟಿಸಿರುತ್ತಾರೆ. ಹೇಳುವ ತನಕ ಕೇಬಲ್ ಹಾಕಬೇಡಿ ಎಂಬುದು ಅದರ ತಾತ್ಪರ್ಯ. ಡಬ್ಬಿ ಬಿಚ್ಚಿದ ಸಡಗರದಲ್ಲಿ ಎಲ್ಲರೂ ಮೊದಲು ಕಿತ್ತೆಸೆಯುವುದು ಅದನ್ನೇ. ಕೇಬಲ್ ಹಾಕಿದರೆ ಸುಟ್ಟೇನೂ ಹೋಗುವುದಿಲ್ಲ. ಹೊಸದೊಂದು ಯಂತ್ರ ತಗುಲಿಕೊಂಡಿತೆಂದು ವಿಂಡೋಸ್ ಗಮನಿಸುತ್ತದೆ, ತನ್ನ ಬಳಿ ಇರುವ ಸಾಮಾನ್ಯ ತಂತ್ರಾಂಶವನ್ನೇ ಹೊಂದಿಸಿ 'ಸಿದ್ಧವಾಗಿದೆ' ಎಂದು ಹೇಳಿಬಿಡುತ್ತದೆ. ಮುದ್ರಣವೂ ಆಗುತ್ತದೆ. ಆದರೆ ಸ್ಕ್ಯಾನರ್ ಕಾಣಿಸದೆ ಹೋಗಬಹುದು, ಇಂಕ್ ಎಷ್ಟಿದೆ ಎಂದು ತಿಳಿಯದೆ ಇರಬಹುದು, ಹಾಳೆಯ ಎರಡೂ ಬದಿಗೆ ಮುದ್ರಿಸುವ ಆಯ್ಕೆ ಎಲ್ಲೂ ಸಿಗದೆ ಹೋಗಬಹುದು. ಆಮೇಲೆ ಕಂಪನಿಯ ತಂತ್ರಾಂಶ ಹಾಕಿದರೆ ಒಂದೇ ಪ್ರಿಂಟರ್ ಪಟ್ಟಿಯಲ್ಲಿ ಎರಡು ಸಲ ಕಾಣುತ್ತದೆ, ಎರಡನೆಯದರ ಹೆಸರಿನ ಮುಂದೆ 'ಕಾಪಿ 1' ಎಂಬ ಬಾಲ. ಯಾವುದಕ್ಕೆ ಕಳಿಸಿದರೆ ಹಾಳೆ ಹೊರಬರುತ್ತದೆ ಎಂಬ ಗೊಂದಲ ಅಲ್ಲಿಂದಲೇ ಶುರು.

ಈ ಸ್ಟಿಕ್ಕರ್‌ನಂತೆಯೇ ಮೊದಲ ದಿನದ ಹಲವು ಸಣ್ಣ ಸಂಗತಿಗಳು ಮುಂದಿನ ನಾಲ್ಕೈದು ವರ್ಷಗಳ ನೆಮ್ಮದಿಯನ್ನೋ ಕಿರಿಕಿರಿಯನ್ನೋ ತೀರ್ಮಾನಿಸುತ್ತವೆ. ಅಂಗಡಿಯಿಂದ ಬಂದ ಹುಡುಗ ಕಾಲು ಗಂಟೆಯಲ್ಲಿ ಎಲ್ಲ ಜೋಡಿಸಿ, ಒಂದು ಪುಟ ಮುದ್ರಿಸಿ ತೋರಿಸಿ, ಕಾಫಿ ಕುಡಿದು ಹೊರಡುತ್ತಾನೆ. ಅವನ ಕೆಲಸದಲ್ಲಿ ತಪ್ಪಿಲ್ಲ. ಆದರೆ ಆ ಕಾಲು ಗಂಟೆಯಲ್ಲಿ ಅವನು ಏನೇನು ಒತ್ತಿದ, ಯಾವುದಕ್ಕೆ ಹೂಂ ಎಂದ ಎಂಬುದು ಮನೆಯವರಿಗೆ ಗೊತ್ತಿರುವುದಿಲ್ಲ. ಮೂರು ತಿಂಗಳು ಕಳೆದು, ಮಗಳ ಹಾಲ್ ಟಿಕೆಟ್ ಮುದ್ರಿಸಬೇಕಾದ ರಾತ್ರಿ, ಬೇಕಾಗುವುದು ಆ ತಿಳಿವಳಿಕೆಯೇ. ಆದ್ದರಿಂದ ನನ್ನದು ಒಂದೇ ಒತ್ತಾಯ: ಹೊಸ ಪ್ರಿಂಟರ್ ತಂದ ದಿನ ಒಂದು ಗಂಟೆ ಬಿಡುವು ಮಾಡಿಕೊಳ್ಳಿ, ಮನೆಯ ಹಿರಿಯರನ್ನೂ ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ, ನೀವೇ ಜೋಡಿಸಿ.

ಮೊದಲು ಜಾಗ. ಬೇಕಾದದ್ದು ಅಲುಗಾಡದ ಮೇಜು, ನೇರ ಬಿಸಿಲು ಬೀಳದ ಮೂಲೆ. ಹಿಂಬದಿಯಿಂದ ಹಾಳೆ ಹಾಕುವ ಮಾಡೆಲ್ ಆದರೆ ಗೋಡೆಗೆ ಒತ್ತಿ ಇಡುವಂತಿಲ್ಲ. ಇಷ್ಟನ್ನು ಎಲ್ಲರೂ ನೋಡಿಕೊಳ್ಳುತ್ತಾರೆ, ಕರೆಂಟಿನ ವಿಷಯ ಮರೆಯುತ್ತಾರೆ. ಇಂಕ್‌ಜೆಟ್ ಪ್ರಿಂಟರ್ ಮುದ್ರಿಸುವಾಗ ತೆಗೆದುಕೊಳ್ಳುವುದು ಒಂದು ಸಣ್ಣ ಎಲ್‌ಇಡಿ ಬಲ್ಬಿನಷ್ಟು ವಿದ್ಯುತ್, ಹತ್ತು-ಇಪ್ಪತ್ತು ವಾಟ್. ಅದನ್ನು ಕಂಪ್ಯೂಟರ್‌ನ ಯುಪಿಎಸ್‌ಗೆ ಧಾರಾಳವಾಗಿ ಹಾಕಬಹುದು, ಹಾಕುವುದೇ ಒಳ್ಳೆಯದು. ಲೇಸರ್ ಪ್ರಿಂಟರ್ ಹಾಗಲ್ಲ. ಅದರೊಳಗೆ ಫ್ಯೂಸರ್ ಎಂಬ ಬಿಸಿ ಉರುಳೆ ಇದೆ. ಟೋನರ್ ಎಂದರೆ ಪ್ಲಾಸ್ಟಿಕ್ ಬೆರೆತ ನುಣ್ಣನೆಯ ಪುಡಿ, ಅದನ್ನು ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸಿ ಹಾಳೆಗೆ ಅಂಟಿಸುವುದು ಆ ಉರುಳೆಯ ಕೆಲಸ. ಬಿಸಿಯಾಗುವ ಆ ಗಳಿಗೆಯಲ್ಲಿ ಅದು ಹಲವು ನೂರು ವಾಟ್ ಎಳೆಯುತ್ತದೆ. ಮನೆಯ ಸಣ್ಣ ಯುಪಿಎಸ್ ಅದನ್ನು ತಾಳುವುದಿಲ್ಲ, ಕೀರಲು ಸದ್ದು ಮಾಡಿ ಕಂಪ್ಯೂಟರನ್ನೂ ಆರಿಸಿಬಿಡುತ್ತದೆ. ಲೇಸರ್ ಪ್ರಿಂಟರ್‌ನ ಪ್ಲಗ್ ಗೋಡೆಗೇ ಇರಲಿ.

ಈಗ ನಮ್ಮ ಮನೆಗಳಿಗೆ ಹೆಚ್ಚಾಗಿ ಬರುತ್ತಿರುವುದು ಇಂಕ್ ಟ್ಯಾಂಕ್ ಪ್ರಿಂಟರ್. ಮೊದಲು ಇದ್ದದ್ದು ಕಾರ್ಟ್ರಿಡ್ಜ್: ಮುಗಿದಾಗಲೆಲ್ಲ ಪ್ರಿಂಟರಿನ ಬೆಲೆಗೇ ಸಮೀಪದ ದುಡ್ಡು ಕೊಟ್ಟು ಹೊಸದು ತರಬೇಕಿತ್ತು, ಇಲ್ಲವೇ ಸಿರಿಂಜ್ ಹಿಡಿದು ಇಂಕ್ ತುಂಬಿಸಿಕೊಡುವ ಅಂಗಡಿ ಹುಡುಕಬೇಕಿತ್ತು. ಜನ ಹೀಗೆ ತಾವೇ ಕೊಳವೆ, ಬಾಟಲಿ ಸಿಕ್ಕಿಸಿ ಸಾಹಸ ಮಾಡುತ್ತಿದ್ದುದನ್ನು ಕಂಡು, ಎಪ್ಸನ್ ಕಂಪನಿ 2010ರಲ್ಲಿ ಇಂಡೊನೇಷ್ಯಾದಲ್ಲಿ ಮೊದಲ ಬಾರಿಗೆ ದೊಡ್ಡ ಟ್ಯಾಂಕ್ ಇರುವ ಪ್ರಿಂಟರನ್ನೇ ಮಾರುಕಟ್ಟೆಗೆ ಬಿಟ್ಟಿತು. ಕ್ಯಾನನ್, ಎಚ್‌ಪಿ, ಬ್ರದರ್ ಕಂಪನಿಗಳೂ ಅದೇ ದಾರಿ ಹಿಡಿದವು. ಬಾಟಲಿ ಇಂಕ್ ಅಗ್ಗ, ನಿಜ. ಆದರೆ ಅದನ್ನು ತುಂಬುವ ಕೆಲಸ ಈಗ ನಮ್ಮ ಕೈಗೇ ಬಂದಿದೆ.

ತುಂಬುವ ಮುನ್ನ ಮುಚ್ಚಳ ಎತ್ತಿ ಒಳಗೆಲ್ಲ ಇಣುಕಿ. ಸಾಗಣೆಯಲ್ಲಿ ಅಲುಗಾಡದಂತೆ ನೀಲಿ ಇಲ್ಲವೇ ಕಿತ್ತಳೆ ಬಣ್ಣದ ಟೇಪುಗಳನ್ನು ಅಲ್ಲಲ್ಲಿ ಅಂಟಿಸಿರುತ್ತಾರೆ, ಒಂದನ್ನೂ ಬಿಡದೆ ತೆಗೆಯಬೇಕು. ಮುದ್ರಣದ ಹೆಡ್ ಅನ್ನು ಹಿಡಿದಿಟ್ಟ ಟೇಪ್ ಒಂದು ಉಳಿದುಬಿಟ್ಟರೆ, ಸ್ವಿಚ್ ಹಾಕಿದೊಡನೆ ಕಟಕಟ ಸದ್ದಾಗಿ ಎರಡು ಕೆಂಪು ದೀಪ ಒಟ್ಟಿಗೆ ಮಿನುಗತೊಡಗುತ್ತವೆ. ಹೊಸ ಯಂತ್ರವೇ ಕೆಟ್ಟಿದೆ ಎಂದು ಅಂಗಡಿಗೆ ಹೊತ್ತೊಯ್ದವರಿದ್ದಾರೆ.

ಬಾಟಲಿ ನಾಲ್ಕು: ಕಪ್ಪು, ಹಳದಿ, ಸಯಾನ್ ಎಂಬ ತಿಳಿನೀಲಿ, ಮೆಜೆಂಟಾ ಎಂಬ ಕಡುಗುಲಾಬಿ. ಈಚಿನ ಹಲವು ಮಾಡೆಲ್‌ಗಳಲ್ಲಿ ಪ್ರತಿ ಬಾಟಲಿಯ ಕತ್ತಿನ ಆಕಾರವೇ ಬೇರೆ ಬೇರೆ, ಹಳದಿ ಬಾಟಲಿ ಹಳದಿ ಟ್ಯಾಂಕಿಗೆ ಮಾತ್ರ ಕೂರುತ್ತದೆ. ಆ ಅನುಕೂಲವಿಲ್ಲದ ಮಾಡೆಲ್ ಆದರೆ ಒಂದೊಂದಾಗಿ ಮುಚ್ಚಳ ತೆಗೆದು, ತುಂಬಿ, ಮುಚ್ಚಿ, ಆಮೇಲಷ್ಟೇ ಮುಂದಿನದಕ್ಕೆ ಹೋಗಿ. ಬಣ್ಣ ಅದಲುಬದಲಾದರೆ ಸರಿಪಡಿಸುವುದು ಬಲು ಕಷ್ಟ. ಈಚಿನ ಮಾಡೆಲ್‌ಗಳಲ್ಲಿ ಬಾಟಲಿಯನ್ನು ತಲೆಕೆಳಗಾಗಿ ನಿಲ್ಲಿಸಿದ ಕೂಡಲೇ ಗುಳುಗುಳು ಸದ್ದಿನೊಂದಿಗೆ ಗುಳ್ಳೆಗಳು ಮೇಲೇರುತ್ತವೆ, ಟ್ಯಾಂಕಿನ ಪಾರದರ್ಶಕ ಬದಿಯಲ್ಲಿ ಬಣ್ಣ ಮೆಲ್ಲಗೆ ಏರಿ ಮೇಲಿನ ಗೆರೆಯ ಹತ್ತಿರ ತಾನಾಗಿ ನಿಲ್ಲುತ್ತದೆ. ಅಂಥ ಬಾಟಲಿಯನ್ನು ಹಿಸುಕಬಾರದು. ಕೆಳಗೆ ಒಂದು ಹಳೆಯ ಪತ್ರಿಕೆ ಹಾಸಿರಿ, ಬಿಳಿ ಪಂಚೆ ಉಟ್ಟವರು ದೂರ ನಿಲ್ಲಲಿ. ಆ ಕಲೆ ಯಾವ ಸೋಪಿಗೂ ಜಗ್ಗುವುದಿಲ್ಲ.

ಈಗ ಸ್ಕ್ಯಾನರ್ ಇರುವ ಮೇಲ್ಭಾಗವನ್ನು ಎತ್ತಿ ನೋಡಿದರೆ, ಟ್ಯಾಂಕಿನಿಂದ ಹೆಡ್‌ವರೆಗೆ ಪಟ್ಟಿಯಂತೆ ಜೋಡಿಸಿದ ನಾಲ್ಕು ಸಪೂರ ಕೊಳವೆಗಳು ಕಾಣುತ್ತವೆ. ಹೊಸದರಲ್ಲಿ ಅವು ಖಾಲಿ. ಸೂಚನೆಯಂತೆ ಗುಂಡಿಯನ್ನು ಒತ್ತಿ ಹಿಡಿದಾಗ ಯಂತ್ರದೊಳಗಿನ ಪಂಪು ಇಂಕನ್ನು ಆ ಕೊಳವೆಗಳ ಉದ್ದಕ್ಕೂ ಎಳೆದು ಹೆಡ್‌ನ ರಂಧ್ರಗಳಿಗೆ ಮುಟ್ಟಿಸುತ್ತದೆ. ಇದಕ್ಕೆ ಹತ್ತು ನಿಮಿಷವೋ ಕಾಲು ಗಂಟೆಯೋ ಬೇಕು. ನಡುನಡುವೆ ಸದ್ದು ನಿಂತು ಮತ್ತೆ ಶುರುವಾಗುತ್ತದೆ. ಮುಗಿಯಿತೆಂದು ಭಾವಿಸಿ ಸ್ವಿಚ್ ಆರಿಸಬೇಡಿ, ದೀಪ ಮಿನುಗುವುದು ನಿಂತು ಸ್ಥಿರವಾಗಿ ಉರಿಯುವವರೆಗೆ ಕಾಯಿರಿ. ಕರೆಂಟ್ ಹೋಗುವ ಹೊತ್ತು ಗೊತ್ತಿದ್ದರೆ ಆ ಸಮಯಕ್ಕೆ ಈ ಕೆಲಸ ಹಚ್ಚಬೇಡಿ. ಮೊದಲ ಸಲ ತುಂಬಿದ ಇಂಕಿನಲ್ಲಿ ಒಂದು ಪಾಲು ಕೊಳವೆಗಳಲ್ಲೇ ಉಳಿಯುವುದರಿಂದ ಡಬ್ಬಿಯ ಮೇಲೆ ಬರೆದಷ್ಟು ಪುಟ ಮೊದಲ ಬಾಟಲಿಯಲ್ಲಿ ಬರುವುದಿಲ್ಲ. ಅದು ಮೋಸವಲ್ಲ, ಎರಡನೆಯ ಬಾಟಲಿಯಿಂದ ಲೆಕ್ಕ ಸರಿಹೋಗುತ್ತದೆ.

ಆ ಹೆಡ್‌ನ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ಮನೆಯ ಪ್ರಿಂಟರ್ ಬಹುಪಾಲು ಸಾಯುವುದು ಅಲ್ಲೇ. 1977ರಲ್ಲಿ ಜಪಾನಿನ ಕ್ಯಾನನ್ ಕಂಪನಿಯ ಇಚಿರೊ ಎಂಡೊ ಎಂಬ ಸಂಶೋಧಕನ ಮೇಜಿನ ಮೇಲೆ, ಕಾದ ಸೋಲ್ಡರಿಂಗ್ ಕಡ್ಡಿ ಅಕಸ್ಮಾತ್ತಾಗಿ ಇಂಕ್ ತುಂಬಿದ ಸಿರಿಂಜಿನ ಸೂಜಿಗೆ ತಗುಲಿತು. ಸೂಜಿಯ ತುದಿಯಿಂದ ಇಂಕ್ ಚಿಮ್ಮಿತು. ಬಿಸಿಗೆ ಒಳಗೆ ಗುಳ್ಳೆ ಎದ್ದು ದ್ರವವನ್ನು ಹೊರಕ್ಕೆ ತಳ್ಳಿತ್ತು. ಕ್ಯಾನನ್‌ನ ಬಬಲ್ ಜೆಟ್ ಹುಟ್ಟಿದ್ದು ಹಾಗೆ. ಅಮೆರಿಕದಲ್ಲಿ ಎಚ್‌ಪಿ ಸಂಸ್ಥೆಯವರೂ ಪ್ರತ್ಯೇಕವಾಗಿ ಇದೇ ತತ್ವವನ್ನು ಕಂಡುಕೊಂಡು 1984ರಲ್ಲಿ ಥಿಂಕ್‌ಜೆಟ್ ಮಾರಿದರು. ಎಪ್ಸನ್ ಹಿಡಿದದ್ದು ಬೇರೆ ದಾರಿ: ವಿದ್ಯುತ್ ಹಾಯಿಸಿದರೆ ಬಾಗುವ ಪೀಜೋ ಹರಳು ಇಂಕನ್ನು ಒತ್ತಿ ಹನಿಯಾಗಿ ಎಸೆಯುತ್ತದೆ. ವಿಧಾನ ಯಾವುದೇ ಇರಲಿ, ಹನಿ ಹೊರಬರುವ ರಂಧ್ರ ತಲೆಗೂದಲಿಗಿಂತ ಸಣ್ಣದು. ಗಾಳಿಗೆ ತೆರೆದಿಟ್ಟರೆ ಅದರ ಬಾಯಲ್ಲಿ ಇಂಕ್ ಒಣಗಿ ಕಟ್ಟಿಕೊಳ್ಳುತ್ತದೆ.

ಹಾಗಾಗದಂತೆ, ಕೆಲಸ ಮುಗಿದ ಮೇಲೆ ಹೆಡ್ ಒಂದು ತುದಿಗೆ ಸರಿದು ರಬ್ಬರ್ ಟೋಪಿಯ ಮೇಲೆ ಕೂರುವ ವ್ಯವಸ್ಥೆ ಇದೆ. ಪ್ರಿಂಟರ್‌ನದೇ ಪವರ್ ಬಟನ್ ಒತ್ತಿ ಆರಿಸಿದಾಗ ಅದು ಸರಿಯಾಗಿ ಅಲ್ಲಿಗೆ ಹೋಗಿ ಕೂತ ಮೇಲಷ್ಟೇ ದೀಪ ಆರುತ್ತದೆ. ಗೋಡೆಯ ಸ್ವಿಚ್ಚನ್ನು ಪಟ್ಟನೆ ಆರಿಸಿದರೆ ಹೆಡ್ ದಾರಿಯಲ್ಲೇ ನಿಂತಿರಬಹುದು, ರಾತ್ರಿಯೆಲ್ಲ ಬಾಯಿ ತೆರೆದುಕೊಂಡು ಒಣಗಬಹುದು. ಮಲಗುವ ಮುನ್ನ ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿ ಬರುವುದು ನಮ್ಮ ಹಿರಿಯರ ಒಳ್ಳೆಯ ರೂಢಿ. ಪ್ರಿಂಟರ್ ವಿಷಯದಲ್ಲಿ ಮಾತ್ರ ಮೊದಲು ಅದರ ಬಟನ್, ಆಮೇಲೆ ಗೋಡೆಯ ಸ್ವಿಚ್ ಎಂದು ಅವರಿಗೂ ಮೊದಲ ದಿನವೇ ತೋರಿಸಿಕೊಡಿ. ವಾರಕ್ಕೊಮ್ಮೆ ನಾಲ್ಕೂ ಬಣ್ಣ ಬಳಸುವ ಒಂದು ಪುಟ ಮುದ್ರಿಸಿದರೆ ಸಾಕು, ಹೆಡ್ ಕಟ್ಟಿಕೊಳ್ಳುವುದು ಬಹಳ ಮಟ್ಟಿಗೆ ತಪ್ಪುತ್ತದೆ. ಮಕ್ಕಳ ಬಣ್ಣದ ಚಿತ್ರವೇ ಆದೀತು. ಕಟ್ಟಿಕೊಂಡ ಮೇಲೆ ಹೆಡ್ ಕ್ಲೀನಿಂಗ್ ಮಾಡಿಸುತ್ತ ಹೋದರೆ ಪ್ರತಿ ಸಲವೂ ಇಂಕ್ ಬಸಿದು ಒಳಗಿನ ಸ್ಪಂಜಿಗೆ ಹೋಗುತ್ತದೆ. ಆ ಸ್ಪಂಜು ತುಂಬಿತೆಂದರೆ ಅದಕ್ಕೆ ಬೇರೆಯೇ ರಿಪೇರಿ.

ಕಾಗದದ ವಿಷಯ ಕರ್ನಾಟಕದಲ್ಲಿ ಸ್ವಲ್ಪ ವಿಶೇಷ. ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್‌ನಿಂದ ಕಾಪಿಯರ್ ಕಾಗದ ಬರುತ್ತದೆ ಎಂಬುದು ಒಂದು ಕಾರಣ. ಇನ್ನೊಂದು, ನಮ್ಮ ಮಲೆನಾಡು, ಕರಾವಳಿಗಳ ಮಳೆಗಾಲ. ಕಾಗದ ಎಂದರೆ ಮರದ ನಾರು, ಗಾಳಿಯ ತೇವವನ್ನು ಕುಡಿದುಬಿಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟ್ರೇಯಲ್ಲಿ ಬಿಟ್ಟ ಹಾಳೆ ಮೆತ್ತಗಾಗಿ, ಅಂಚು ಸುರುಟಿಕೊಂಡು, ಎರಡೆರಡು ಒಟ್ಟಿಗೆ ಅಂಟಿ ಒಳಗೆ ಹೋಗುತ್ತದೆ. ಸಾಗರ, ತೀರ್ಥಹಳ್ಳಿ, ಕುಂದಾಪುರ ಕಡೆಯವರು ಪ್ರಿಂಟರ್ ಹಾಳೆ ಸಿಕ್ಕಿಸಿಕೊಳ್ಳುತ್ತದೆ ಎಂದು ದೂರುವಾಗ ತಪ್ಪು ಎಷ್ಟೋ ಸಲ ಯಂತ್ರದ್ದಲ್ಲ. ರೀಮಿನ ಹೊದಿಕೆ ಒಳಗಡೆ ತೇವ ತಡೆಯುವಂತೆ ಮಾಡಿರುವುದೇ ಇದಕ್ಕಾಗಿ. ಬೇಕಾದಷ್ಟೇ ಹಾಳೆ ತೆಗೆದು, ಉಳಿದದ್ದನ್ನು ಆ ಹೊದಿಕೆಯಲ್ಲೇ ಮಡಚಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಹಾಕುವ ಮುನ್ನ ಹಾಳೆಗಳ ಅಂಚನ್ನು ಬೆರಳಿನಿಂದ ಬಿಡಿಸಿ ಕೊಡವಿ. ಟ್ರೇಯ ಪಟ್ಟಿಗಳು ಹಾಳೆಗೆ ತಾಗಿರಬೇಕು, ಒತ್ತಿರಬಾರದು.

ಕೊಳ್ಳುವಾಗ ಜಿಎಸ್‌ಎಂ ನೋಡಿ. ಒಂದು ಚದರ ಮೀಟರ್ ಕಾಗದದ ತೂಕ ಗ್ರಾಂಗಳಲ್ಲಿ ಎಷ್ಟು ಎಂಬುದೇ ಜಿಎಸ್‌ಎಂ. ಒಂದು ಚದರ ಮೀಟರನ್ನು ಹದಿನಾರು ಪಾಲು ಮಾಡಿದರೆ ಬರುವುದು ಎ4 ಹಾಳೆ, 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ. ಹಾಗಾಗಿ 80 ಜಿಎಸ್‌ಎಂನ ಒಂದು ಹಾಳೆ 5 ಗ್ರಾಂ, 500 ಹಾಳೆಯ ರೀಮು ಎರಡೂವರೆ ಕೆ.ಜಿ. ತೂಗಬೇಕು. ಅಂಗಡಿಯ ತಕ್ಕಡಿಯಲ್ಲಿ ಇಟ್ಟರೆ ಹೊದಿಕೆಯ ಮೇಲೆ ಬರೆದದ್ದು ನಿಜವೋ ಸುಳ್ಳೋ ಗೊತ್ತಾಗಿಬಿಡುತ್ತದೆ. ಮನೆಬಳಕೆಗೆ 75 ಸಾಕು. ಎರಡು ಬದಿ ಮುದ್ರಿಸುವವರಿಗೆ 80 ಇದ್ದರೆ ಹಿಂದಿನ ಅಕ್ಷರ ಮುಂದೆ ಮಸುಕಾಗಿ ಕಾಣುವುದಿಲ್ಲ.

ಇದೇ ಅಳತೆಯಿಂದ ಬರುವ ಒಂದು ತೊಡಕೂ ಇದೆ. ಅಮೆರಿಕದವರು ಎ4 ಬಳಸುವುದಿಲ್ಲ. ಅವರ ಲೆಟರ್ ಹಾಳೆ 216 ಮಿ.ಮೀ. ಅಗಲ, 279 ಮಿ.ಮೀ. ಉದ್ದ, ಅಂದರೆ ನಮ್ಮದಕ್ಕಿಂತ 18 ಮಿ.ಮೀ. ಗಿಡ್ಡ. ಅಲ್ಲಿ ತಯಾರಾದ ತಂತ್ರಾಂಶಗಳು ಎಷ್ಟೋ ಸಲ ಮೊದಲಿಗೆ ಲೆಟರ್ ಅನ್ನೇ ಆರಿಸಿಕೊಂಡಿರುತ್ತವೆ. ಆಗ ಕೊನೆಯ ಎರಡು ಸಾಲು ಕತ್ತರಿಸಿಹೋಗುತ್ತದೆ, ಇಲ್ಲವೇ 'ಕಾಗದದ ಅಳತೆ ಹೊಂದುತ್ತಿಲ್ಲ' ಎಂದು ಪ್ರಿಂಟರ್ ಮೊಂಡು ಹಿಡಿದು ನಿಲ್ಲುತ್ತದೆ. ಎ4 ಎಂಬುದನ್ನು ಎರಡು ಕಡೆ ಹೇಳಬೇಕು: ಪ್ರಿಂಟರಿನ ಪ್ರಿಫರೆನ್ಸಸ್‌ನಲ್ಲಿ ಒಮ್ಮೆ, ಬರೆಯುವ ತಂತ್ರಾಂಶದ ಪೇಜ್ ಸೆಟಪ್‌ನಲ್ಲಿ ಇನ್ನೊಮ್ಮೆ. ಪಹಣಿ, ಅಂಕಪಟ್ಟಿಗಳಿಗೆ 'ಫಿಟ್' ಆಯ್ಕೆ ನಡೆಯುತ್ತದೆ. ಅಳತೆಗೆ ಸರಿಯಾಗಿ ಬೇಕಾದ 35×45 ಮಿ.ಮೀ. ಭಾವಚಿತ್ರದಂಥದ್ದಕ್ಕೆ 'ಆ್ಯಕ್ಚುವಲ್ ಸೈಜ್' ಆರಿಸದಿದ್ದರೆ ಅರ್ಜಿ ತಿರಸ್ಕಾರವಾದೀತು.

ಇನ್ನು ಕಂಪ್ಯೂಟರಿಗೆ ಜೋಡಿಸುವ ಮಾತು. ಡ್ರೈವರ್ ಎಂಬ ತಂತ್ರಾಂಶ ನಮ್ಮ ಪುಟವನ್ನು ಆ ನಿರ್ದಿಷ್ಟ ಪ್ರಿಂಟರಿಗೆ ತಿಳಿಯುವ ಆದೇಶಗಳನ್ನಾಗಿ ಮಾಡಿ ಕಳಿಸುತ್ತದೆ. ಪ್ರತಿ ಕಂಪನಿಗೂ, ಹಲವು ಸಲ ಪ್ರತಿ ಮಾಡೆಲ್‌ಗೂ ಬೇರೆಯೇ ಡ್ರೈವರ್. ಪ್ರಿಂಟರಿಗೆ ಅದರ ಕಂಪನಿಯ ತಂತ್ರಾಂಶವೇ ಬೇಕೆಂಬ ಈ ಬೀಗದ ಸಂಕಟ ಹಳೆಯದು. 1980ರ ಸುಮಾರಿಗೆ ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರ್ ಒಂದು ಬಂತು. ಅಲ್ಲಿ ಕೆಲಸ ಮಾಡುತ್ತಿದ್ದ ರಿಚರ್ಡ್ ಸ್ಟಾಲ್‌ಮನ್, ಹಾಳೆ ಸಿಕ್ಕಿಕೊಂಡಾಗ ಕಾಯುತ್ತಿರುವವರಿಗೆಲ್ಲ ಸುದ್ದಿ ಮುಟ್ಟಿಸುವಂತೆ ಹಳೆಯ ಪ್ರಿಂಟರಿನ ತಂತ್ರಾಂಶವನ್ನು ತಿದ್ದಿದ್ದ. ಹೊಸದಕ್ಕೂ ಹಾಗೇ ಮಾಡಲು ಹೊರಟರೆ ಅದರ ಮೂಲ ಸಂಕೇತ ಇದ್ದವರು ಅದನ್ನು ಕೊಡಲು ಒಪ್ಪಲಿಲ್ಲ. ಆ ಸಿಟ್ಟೂ ಸೇರಿ 1983ರಲ್ಲಿ ಅವನು ಗ್ನೂ ಯೋಜನೆಯನ್ನು, ಅಂದರೆ ಮುಕ್ತ ತಂತ್ರಾಂಶದ ಚಳವಳಿಯನ್ನು ಸಾರಿದ. ಒಂದು ಪ್ರಿಂಟರ್‌ನ ಜಗಳ ಜಗತ್ತಿನ ಗಣಕ ಲೋಕದ ದಿಕ್ಕನ್ನೇ ತಿರುಗಿಸಿತು ಎಂದರೆ ಉತ್ಪ್ರೇಕ್ಷೆಯಲ್ಲ.

ಆ ಬೀಗ ಈಗ ನಿಧಾನಕ್ಕೆ ಸಡಿಲವಾಗುತ್ತಿದೆ. ಎಲ್ಲ ಪ್ರಿಂಟರ್‌ಗಳಿಗೂ ಒಂದೇ ಕ್ರಮ ಇರಲಿ ಎಂದು ರೂಪಿಸಿದ ಐಪಿಪಿ ಎಂಬ ನಿಯಮಾವಳಿ ಇಪ್ಪತ್ತೈದಕ್ಕೂ ಹೆಚ್ಚು ವರ್ಷಗಳಿಂದ ಬೆಳೆಯುತ್ತ ಬಂದಿದೆ. ಆಪಲ್ 2010ರಲ್ಲಿ ಏರ್‌ಪ್ರಿಂಟ್ ತಂದಿತು. ಕ್ಯಾನನ್, ಎಚ್‌ಪಿ, ಸ್ಯಾಮ್‌ಸಂಗ್, ಜೆರಾಕ್ಸ್ ಕಂಪನಿಗಳು ಸೇರಿ 2013ರಲ್ಲಿ ಮೊಪ್ರಿಯಾ ಒಕ್ಕೂಟ ಕಟ್ಟಿದವು. ಪ್ರತಿ ಕಂಪನಿಯ ಪ್ರತ್ಯೇಕ ಡ್ರೈವರ್‌ಗಳಿಗೆ ವಿಂಡೋಸ್ ಕೊಡುತ್ತಿದ್ದ ಬೆಂಬಲವನ್ನು ಹಂತಹಂತವಾಗಿ ಕಡಿಮೆ ಮಾಡುವುದಾಗಿ ಮೈಕ್ರೊಸಾಫ್ಟ್ 2023ರಲ್ಲಿ ಪ್ರಕಟಿಸಿತು. ಕೊಳ್ಳುವವರಿಗೆ ಇದರ ಅರ್ಥ ಇಷ್ಟೇ: ಡಬ್ಬಿಯ ಮೇಲೆ ಏರ್‌ಪ್ರಿಂಟ್ ಇಲ್ಲವೇ ಮೊಪ್ರಿಯಾ ಗುರುತು ಇರುವ ಪ್ರಿಂಟರ್ ಆರಿಸಿ. ಅಂಥದ್ದು ನಾಳೆ ಕಂಪ್ಯೂಟರ್ ಬದಲಾದರೂ ಕೆಲಸಕ್ಕೆ ಬರುತ್ತದೆ. ಲಿನಕ್ಸ್ ಬಳಸುವವರಿಗೂ ಅದೇ ಮಾತು, ಅಲ್ಲಿನ ಕಪ್ಸ್ ವ್ಯವಸ್ಥೆ ಇಂಥ ಪ್ರಿಂಟರನ್ನು ತಾನಾಗಿ ಗುರುತಿಸುತ್ತದೆ.

ಸ್ಕ್ಯಾನರ್‌ಗಾಗಿ, ಇಂಕಿನ ಮಟ್ಟ ನೋಡುವುದಕ್ಕಾಗಿ ಕಂಪನಿಯ ತಂತ್ರಾಂಶ ಈಗಲೂ ಬೇಕಾಗಬಹುದು. ಅದನ್ನು ಎಲ್ಲಿಂದ ಇಳಿಸಿಕೊಳ್ಳುತ್ತೀರಿ ಎಂಬುದರಲ್ಲಿ ಎಚ್ಚರ ಬೇಕು. ಡಬ್ಬಿಯಲ್ಲಿ ಸಿ.ಡಿ. ಇದ್ದರೂ ಅದನ್ನು ಹಾಕುವ ಜಾಗ ಇಂದಿನ ಲ್ಯಾಪ್‌ಟಾಪ್‌ಗಳಲ್ಲಿಲ್ಲ. ಜನ ಮಾಡೆಲ್ ಹೆಸರು ಟೈಪಿಸಿ ಹುಡುಕುತ್ತಾರೆ, ಮೇಲೆ ಬಂದ ಜಾಹೀರಾತಿನ ಮೇಲೆ ಒತ್ತುತ್ತಾರೆ. ಕಂಪನಿಯ ತಾಣವನ್ನೇ ಹೋಲುವ ಒಂದು ಪುಟ ತೆರೆಯುತ್ತದೆ, ಡ್ರೈವರ್ ಇಳಿಯುತ್ತಿರುವಂತೆ ನಟಿಸಿ, ದೋಷ ಬಂತೆಂದು ಹೇಳಿ, ಸಹಾಯಕ್ಕೆ ಈ ಸಂಖ್ಯೆಗೆ ಕರೆಮಾಡಿ ಎನ್ನುತ್ತದೆ. ಕರೆ ಎತ್ತಿದವರು ಸಭ್ಯವಾಗಿ ಮಾತನಾಡಿ, ನಿಮ್ಮ ಕಂಪ್ಯೂಟರನ್ನು ದೂರದಿಂದ ನಿಯಂತ್ರಿಸುವ ಆ್ಯಪ್ ಹಾಕಿಸಿ, ಬ್ಯಾಂಕ್ ಖಾತೆಯವರೆಗೂ ಹೋಗುತ್ತಾರೆ. ವಿಳಾಸವನ್ನು ಪ್ರಿಂಟರಿನ ಜೊತೆ ಬಂದ ಮುದ್ರಿತ ಕೈಪಿಡಿಯಿಂದಲೇ ನೋಡಿ ಟೈಪಿಸಿ. ಡ್ರೈವರ್‌ಗೆ ಯಾವ ಕಂಪನಿಯೂ ದುಡ್ಡು ಕೇಳುವುದಿಲ್ಲ. ಮೋಸ ಹೋದಿರಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ.

ವೈಫೈ ಮೂಲಕ ಜೋಡಿಸುವವರು ಎಡವುವುದು ಹೆಚ್ಚಾಗಿ ಒಂದೇ ಕಡೆ. ಮನೆಯ ರೂಟರ್ ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಗಳಲ್ಲಿ ಕೆಲಸ ಮಾಡುತ್ತದೆ. ಮನೆಬಳಕೆಯ ಹಲವು ಪ್ರಿಂಟರ್‌ಗಳಿಗೆ ತಿಳಿಯುವುದು ಮೊದಲನೆಯದು ಮಾತ್ರ. ಮೊಬೈಲ್ 5ರಲ್ಲಿ ಇದ್ದುಕೊಂಡು ಪ್ರಿಂಟರನ್ನು ಹೊಂದಿಸಲು ಹೊರಟರೆ ಆ್ಯಪ್ ಹುಡುಕುತ್ತಲೇ ಇರುತ್ತದೆ. ಹೊಂದಿಸುವಷ್ಟು ಹೊತ್ತು ಮೊಬೈಲನ್ನೂ 2.4ಕ್ಕೆ ಬದಲಿಸಿ, ಆಮೇಲೆ ಅದು ಯಾವುದರಲ್ಲಿದ್ದರೂ ನಡೆಯುತ್ತದೆ. ವೈಫೈ ಡೈರೆಕ್ಟ್ ಬೇರೆ ಸಂಗತಿ. ಅದು ಪ್ರಿಂಟರ್ ತಾನೇ ಹೊರಡಿಸುವ ಪುಟ್ಟ ವೈಫೈ, ಕಂಪ್ಯೂಟರನ್ನು ಅದಕ್ಕೆ ಜೋಡಿಸಿದರೆ ಮುದ್ರಣವೇನೋ ಬರುತ್ತದೆ, ಇಂಟರ್ನೆಟ್ ಹೋಗುತ್ತದೆ.

ಆಮೇಲೆ ಬರುವುದು 'ಆಫ್‌ಲೈನ್'. ಶಿವಮೊಗ್ಗದಲ್ಲಿ ನನಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಮೇಷ್ಟ್ರು ಈಗ ನಿವೃತ್ತರು, ಊರಿನವರ ಅರ್ಜಿಗಳನ್ನೆಲ್ಲ ಮುದ್ರಿಸಿಕೊಡುತ್ತಾರೆ. ಒಂದು ಬೆಳಗ್ಗೆ ಫೋನು.

"ಏನಪ್ಪಾ ಇದು, ನಿನ್ನೆ ಸಂಜೆ ಚೆನ್ನಾಗೇ ಬರ್ತಿತ್ತು. ಈಗ ನೋಡಿದ್ರೆ ಆಫ್‌ಲೈನ್ ಅಂತಿದೆ. ಪ್ರಿಂಟರ್ ದೀಪ ಉರೀತಿದೆ, ರೂಟರ್ ದೀಪಾನೂ ಉರೀತಿದೆ."

"ರಾತ್ರಿ ಕರೆಂಟ್ ಹೋಗಿತ್ತಾ ಮೇಷ್ಟ್ರೇ?"

"ಹೋಗಿತ್ತು, ಮಳೆ ಅಲ್ವಾ. ಅದಕ್ಕೂ ಇದಕ್ಕೂ ಏನಪ್ಪಾ ಸಂಬಂಧ?"

ಸಂಬಂಧ ಇದೆ. ಮನೆಯ ವೈಫೈಗೆ ಸೇರಿದ ಪ್ರತಿ ಯಂತ್ರಕ್ಕೂ ರೂಟರ್ ಒಂದು ಐಪಿ ಸಂಖ್ಯೆ ಕೊಡುತ್ತದೆ, ಮನೆಗಳಿಗೆ ಬಾಗಿಲ ಸಂಖ್ಯೆ ಕೊಟ್ಟ ಹಾಗೆ. ಕರೆಂಟ್ ಹೋಗಿ ಬಂದಾಗ ರೂಟರ್ ಹೊಸದಾಗಿ ಸಂಖ್ಯೆ ಹಂಚುತ್ತದೆ. ನಿನ್ನೆ 5 ಇದ್ದ ಪ್ರಿಂಟರ್ ಇವತ್ತು 8 ಆಗಿರಬಹುದು. ಕಂಪ್ಯೂಟರ್ ಮಾತ್ರ ಹಳೆಯ 5ರ ಬಾಗಿಲನ್ನೇ ಬಡಿಯುತ್ತಿರುತ್ತದೆ, ಯಾರೂ ತೆಗೆಯದಿದ್ದಾಗ ಆಫ್‌ಲೈನ್ ಎನ್ನುತ್ತದೆ. ಪರಿಹಾರ ಒಂದೇ ಸಲದ್ದು: ರೂಟರಿನ ಸೆಟ್ಟಿಂಗ್ಸ್‌ನಲ್ಲಿ ಅಡ್ರೆಸ್ ರಿಸರ್ವೇಶನ್ ಎಂಬ ಕಡೆ ಪ್ರಿಂಟರಿಗೆ ಒಂದು ಸಂಖ್ಯೆಯನ್ನು ಕಾಯಂ ಮಾಡಿಬಿಡುವುದು. ಇದನ್ನು ಫೋನಿನಲ್ಲೇ ಹೇಳಿದೆ. ಮೇಷ್ಟ್ರು ಹಲಗೆಯ ಮೇಲೆ ಲೆಕ್ಕ ಬಿಡಿಸುವಷ್ಟೇ ಶ್ರದ್ಧೆಯಿಂದ ಒಂದೊಂದೇ ಹೆಜ್ಜೆಯನ್ನು ಡೈರಿಯಲ್ಲಿ ಬರೆದುಕೊಂಡು ಮಾಡಿದರು. ಅಂಗಡಿಯವನನ್ನು ಮತ್ತೆ ಕರೆಸಬೇಕಾಗಿ ಬರಲಿಲ್ಲ, ಕರೆಂಟ್ ಹೋಗಿ ಬರುವುದು ನಡೆದೇ ಇದೆ. ಮೇಜು ಪಕ್ಕದಲ್ಲೇ ಇದ್ದು ಒಂದೇ ಕಂಪ್ಯೂಟರ್ ಬಳಸುವ ಮನೆಗೆ ಈ ಯಾವ ರಗಳೆಯೂ ಬೇಡ, ಕೇಬಲ್ ಸಾಕು. ವೈಫೈ ಇಲ್ಲದ ಮಾಡೆಲ್ ಅಗ್ಗವೂ ಹೌದು.

ಇನ್ನೊಂದು ಬಗೆಯ ಮೌನವೂ ಇದೆ. ಮುದ್ರಿಸು ಎಂದು ಒತ್ತುತ್ತೀರಿ, ಏನೂ ಬರುವುದಿಲ್ಲ, ಮತ್ತೆ ಮತ್ತೆ ಒತ್ತುತ್ತೀರಿ. ಪುಟಗಳು ನೇರವಾಗಿ ಪ್ರಿಂಟರಿಗೆ ಹೋಗುವುದಿಲ್ಲ, ಕಂಪ್ಯೂಟರಿನೊಳಗೆ ಸ್ಪೂಲರ್ ಎಂಬ ವ್ಯವಸ್ಥೆಯಲ್ಲಿ ಸರದಿ ನಿಲ್ಲುತ್ತವೆ. ಮುಂದಿನದೊಂದು ಸಿಕ್ಕಿಕೊಂಡರೆ ಹಿಂದಿನವೆಲ್ಲ ಕಾಯುತ್ತವೆ. ಸರದಿಯ ಕಿಟಕಿ ತೆರೆದು ಎಲ್ಲವನ್ನೂ ರದ್ದುಮಾಡಿ, ಪ್ರಿಂಟರನ್ನೂ ಕಂಪ್ಯೂಟರನ್ನೂ ಒಮ್ಮೆ ಆರಿಸಿ ಹಾಕಿದರೆ ಹೆಚ್ಚಿನ ಸಲ ಸರಿಹೋಗುತ್ತದೆ. ಹಾಗೆಯೇ 'ಡಿಫಾಲ್ಟ್ ಪ್ರಿಂಟರನ್ನು ವಿಂಡೋಸ್ ನಿರ್ವಹಿಸಲಿ' ಎಂಬ ಆಯ್ಕೆಯನ್ನು ಮೊದಲ ದಿನವೇ ತೆಗೆದುಬಿಡಿ. ಅದು ಇದ್ದರೆ ಕೊನೆಯ ಸಲ ಬಳಸಿದ್ದೇ ಡಿಫಾಲ್ಟ್. ಒಮ್ಮೆ ಪಿಡಿಎಫ್ ಆಗಿ ಉಳಿಸಿದಿರೋ, ಮುಂದಿನ ಸಲ ಕಾಗದಕ್ಕೆ ಹೋಗಬೇಕಾದದ್ದೂ ಪಿಡಿಎಫ್ ಆಗಿ ಉಳಿಯುತ್ತದೆ.

ಎಲ್ಲ ಜೋಡಿಸಿದ ಮೇಲೆ ವಿಂಡೋಸ್ ಒಂದು ಪರೀಕ್ಷಾ ಪುಟ ಮುದ್ರಿಸಿ ತೋರಿಸುತ್ತದೆ. ಅದು ಇಂಗ್ಲಿಷಿನದು, ನಮಗೆ ಅಷ್ಟು ಸಾಲದು. ಕನ್ನಡದ ಅಕ್ಷರ ಪ್ರಿಂಟರಿಗೆ ಕೊಡುವ ಕೆಲಸವೇ ಬೇರೆ: ತಲೆಕಟ್ಟು, ಸುಳಿ, ಕೆಳಗೆ ಜೋತುಬಿದ್ದ ಒತ್ತು, ಒತ್ತಿನ ಪಕ್ಕ ಇನ್ನೊಂದು ಒತ್ತು. ರಾಷ್ಟ್ರ, ಸ್ವಾತಂತ್ರ್ಯ, ವೈಶಿಷ್ಟ್ಯ, ಕ್ಷಣ, ಜ್ಞಾನ, ದೃಷ್ಟಿ ಇಂಥ ಪದಗಳನ್ನು 8, 10, 12, 14 ಅಳತೆಗಳಲ್ಲಿ ಟೈಪಿಸಿ ಒಂದು ಪುಟ ಮಾಡಿಟ್ಟುಕೊಳ್ಳಿ. ಇಂಕ್ ಉಳಿಸುವ ಡ್ರಾಫ್ಟ್ ವಿಧಾನದಲ್ಲಿ ಒಮ್ಮೆ, ಸಾಮಾನ್ಯ ವಿಧಾನದಲ್ಲಿ ಒಮ್ಮೆ ಮುದ್ರಿಸಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಅಗ್ಗದ ಕಾಗದದಲ್ಲಿ ಇಂಕ್ ನಾರಿನುದ್ದಕ್ಕೆ ಹರಡುವುದರಿಂದ 8ರ ಅಳತೆಯ ಷ್ಟ್ರದ ಹೊಟ್ಟೆ ಮುಚ್ಚಿಹೋಗಿರುತ್ತದೆ. ಡ್ರಾಫ್ಟ್‌ನಲ್ಲಿ ಒತ್ತಕ್ಷರದ ಗೆರೆ ಅಲ್ಲಲ್ಲಿ ಹರಿದಂತಿರುತ್ತದೆ. ಇಂಗ್ಲಿಷ್ 10ರಲ್ಲಿ ಸಲೀಸಾಗಿ ಓದಬಹುದಾದ ಕಡೆ ಕನ್ನಡಕ್ಕೆ 12 ಬೇಕು ಎಂಬುದು ನಿಮ್ಮ ಕಣ್ಣಿಗೇ ತಿಳಿಯುತ್ತದೆ. ಅಜ್ಜಿಗೆ ಸ್ತೋತ್ರ ಮುದ್ರಿಸಿಕೊಡುವವರು 16ಕ್ಕೆ ಕಡಿಮೆ ಮಾಡಬೇಡಿ.

ಅಕ್ಷರವೇ ಬಾರದೆ ಹೋಗುವುದೂ ಉಂಟು. ಹಳೆಯ ನುಡಿ, ಬರಹ ಕಡತಗಳು ಯುನಿಕೋಡ್ ಆಗಿರದೆ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲೇ ಕನ್ನಡದ ಚಿತ್ರಗಳನ್ನು ಕೂರಿಸಿಕೊಂಡಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಪುಟದ ತುಂಬ ರೋಮನ್ ಅಕ್ಷರಗಳ ಗೋಜಲು. ಪ್ರಿಂಟರನ್ನು ಬೈದು ಫಲವಿಲ್ಲ, ಕಳಿಸುವವರಿಗೆ ಪಿಡಿಎಫ್ ಮಾಡಿ ಕಳಿಸಲು ಹೇಳಿ. ಪಿಡಿಎಫ್ ಫಾಂಟನ್ನು ತನ್ನೊಳಗೇ ಹೊತ್ತು ತರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬರುವ ದಾಖಲೆಯನ್ನೂ ಫೋಟೊ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ ಎನ್ನಿ. ಫೋಟೊ ಆಗಿ ಬಂದದ್ದು ದಾರಿಯಲ್ಲೇ ಕುಗ್ಗಿ, ಮುದ್ರಿಸಿದಾಗ ಸಣ್ಣ ಅಕ್ಷರಗಳು ಕಲಸಿಹೋಗಿರುತ್ತವೆ.

ಇಂಕ್‌ಜೆಟ್ ಮುದ್ರಣದ ಮೇಲೆ ಒಂದು ಹನಿ ನೀರು ಬಿಟ್ಟು ನೋಡುವುದೂ ಮೊದಲ ದಿನದ ಪರೀಕ್ಷೆಯೇ. ಕೆಲವು ಮಾಡೆಲ್‌ಗಳ ಕಪ್ಪು ಇಂಕ್ ಪಿಗ್ಮೆಂಟ್, ಅಂದರೆ ಕಾಗದದ ಮೇಲೆ ಕೂರುವ ಕಣಗಳದು, ನೀರಿಗೆ ಅಷ್ಟಾಗಿ ಹರಿಯುವುದಿಲ್ಲ. ಡೈ ಇಂಕ್ ಆದರೆ ಕಣ್ಣೆದುರೇ ನೇರಳೆ ಕಲೆಯಾಗಿ ಹರಡುತ್ತದೆ. ಹಾಗಿದ್ದರೆ ಪರೀಕ್ಷೆಗೆ ಹೊರಟ ಮಗುವಿನ ಹಾಲ್ ಟಿಕೆಟ್ ಪ್ಲಾಸ್ಟಿಕ್ ಹೊದಿಕೆಯಲ್ಲೇ ಹೋಗಲಿ. ಲೇಸರ್‌ನಲ್ಲಿ ಈ ಭಯವಿಲ್ಲ, ಕರಗಿ ಅಂಟಿದ ಪ್ಲಾಸ್ಟಿಕ್ ನೀರಿಗೆ ಬಿಡುವುದಿಲ್ಲ.

ಆ ಕನ್ನಡದ ಪರೀಕ್ಷಾ ಪುಟವನ್ನು, ಜೊತೆಗೆ ಹೆಡ್‌ನ ರಂಧ್ರಗಳೆಲ್ಲ ತೆರೆದಿವೆಯೇ ಎಂದು ಗೆರೆ ಎಳೆದು ತೋರಿಸುವ ಪ್ರಿಂಟರಿನದೇ ನಾಜಲ್ ಚೆಕ್ ಪುಟವನ್ನು ಎಸೆಯಬೇಡಿ. ಹಿಂಬದಿಯಲ್ಲಿ ತಾರೀಕು, ಕಾಗದದ ಹೆಸರು ಮತ್ತು ಜಿಎಸ್‌ಎಂ, ಪ್ರಿಂಟರಿಗೆ ಕಾಯಂ ಮಾಡಿದ ಐಪಿ ಸಂಖ್ಯೆ ಬರೆದು ಕೈಪಿಡಿಯೊಳಗೆ ಇಡಿ. ಎಂಟು ತಿಂಗಳಾದ ಮೇಲೆ ಅಕ್ಷರ ಯಾಕೋ ಮಸುಕು ಎನಿಸಿದಾಗ ಅದೇ ಪುಟವನ್ನು ಮತ್ತೆ ಮುದ್ರಿಸಿ ಪಕ್ಕದಲ್ಲಿಟ್ಟು ನೋಡಿ. ನಾಜಲ್ ಚೆಕ್‌ನಲ್ಲಿ ಗೆರೆ ತುಂಡಾಗಿದ್ದರೆ ಒಂದು ಸಲ ಹೆಡ್ ಕ್ಲೀನಿಂಗ್ ಮಾಡಿಸಿ. ಗೆರೆಗಳೆಲ್ಲ ಸರಿಯಿದ್ದು ಅಕ್ಷರ ಮಾತ್ರ ಹರಡಿದ್ದರೆ ಕಾಗದ ಬದಲಿಸಿ.